ಪೊಟ್ಯಾಸಿಯಂ ರೇಂಜ್ ಬದಲಿಸಹೊರಟ ಲ್ಯಾಬ್: ರೋಗಿಗಳ ದೈನಂದಿನ ಡೇಟಾದಿಂದ ರೆಫರೆನ್ಸ್ ರೇಂಜ್ ತೆಗೆದ ಒಂದು ಪ್ರಕರಣ

ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಮಧ್ಯಮ ಗಾತ್ರದ ಖಾಸಗಿ ಲ್ಯಾಬ್. ಊರೊಳಗೆ ಮುಖ್ಯ ಲ್ಯಾಬ್, ಸುತ್ತಲಿನ ತಾಲ್ಲೂಕುಗಳಲ್ಲಿ ಏಳು ಕಲೆಕ್ಷನ್ ಸೆಂಟರ್. ಬೆಳಗ್ಗೆ ಸೆಂಟರ್‌ಗಳಲ್ಲಿ ರಕ್ತ ತೆಗೆಯುತ್ತಾರೆ, ಬೈಕ್‌ನಲ್ಲಿ ಸ್ಯಾಂಪಲ್ ಒಟ್ಟು ಮಾಡಿ ಮಧ್ಯಾಹ್ನದ ಹೊತ್ತಿಗೆ ಮುಖ್ಯ ಲ್ಯಾಬಿಗೆ ತರುತ್ತಾರೆ. ಪರೀಕ್ಷೆಗಳೆಲ್ಲ ನಡೆಯುವುದು ಅಲ್ಲೇ, ಒಂದೇ ಅನಲೈಸರ್‌ನಲ್ಲಿ.

ಗುರುತು ಸಿಗದಿರಲೆಂದು ಊರು, ಸೆಂಟರ್‌ಗಳ ಸಂಖ್ಯೆ, ಯಂತ್ರದ ವಿವರಗಳನ್ನು ಬದಲಿಸಿದೆ. ಅಂಕಿಗಳನ್ನು ಲೆಕ್ಕ ಕೈಗೆ ಸಿಗುವಂತೆ ದುಂಡಗೆ ಮರುಜೋಡಿಸಿದೆ. ದಾರಿ ತಿಳಿಯಲು ಅವು ಸಾಕು, ಬೇರೆ ಲ್ಯಾಬಿನ ರಿಪೋರ್ಟ್ ಮೇಲೆ ಮುದ್ರಿಸಲು ಅಲ್ಲ. ಪೊಟ್ಯಾಸಿಯಂ ಅಂಕಿಗಳೆಲ್ಲ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿವೆ.

ದೂರು ಮತ್ತು ಮೊದಲ ಊಹೆ

ಲ್ಯಾಬಿನ ರಿಪೋರ್ಟ್‌ನಲ್ಲಿ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ) ಪೊಟ್ಯಾಸಿಯಂಗೆ 3.5ರಿಂದ 5.1 ಎಂಬ ರೆಫರೆನ್ಸ್ ರೇಂಜ್, ಅಂದರೆ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ, ಮುದ್ರಣವಾಗುತ್ತಿತ್ತು. ಕಿಟ್ ಜೊತೆ ಬಂದ ಹಾಳೆಯಲ್ಲಿದ್ದ ಅಂಕಿ ಅದು. ತಾಲ್ಲೂಕಿನ ಇಬ್ಬರು ಫಿಸಿಷಿಯನ್‌ಗಳು ಒಂದೇ ಬಗೆಯ ದೂರು ತಂದರು: ಸೆಂಟರ್‌ನಲ್ಲಿ ಕೊಟ್ಟ ಸ್ಯಾಂಪಲ್‌ಗೆ 5.4, 5.6 ಬರುತ್ತದೆ, ರೋಗಿಯನ್ನು ಆಸ್ಪತ್ರೆಗೆ ಕಳಿಸಿ ಮತ್ತೆ ನೋಡಿದರೆ 4.3. ಬಿಪಿಗೆ ಎನಲಾಪ್ರಿಲ್, ಟೆಲ್ಮಿಸಾರ್ಟಾನ್, ಸ್ಪಿರೊನೊಲ್ಯಾಕ್ಟೋನ್‌ನಂಥ, ಪೊಟ್ಯಾಸಿಯಂ ಏರಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇಂಥ ರಿಪೋರ್ಟ್ ಬಂದರೆ ವೈದ್ಯರು ಮಾತ್ರೆ ನಿಲ್ಲಿಸುತ್ತಾರೆ. ಆಮೇಲೆ ಬಿಪಿ ಏರುತ್ತದೆ.

ಲ್ಯಾಬ್ ಮೊದಲು ಯಂತ್ರವನ್ನು ನೋಡಿತು. ದಿನದ ಕ್ಯೂಸಿ (ಅಂಕಿ ಮೊದಲೇ ಗೊತ್ತಿರುವ ಸ್ಯಾಂಪಲ್ ಓಡಿಸಿ ಯಂತ್ರವನ್ನು ಪರಿಶೀಲಿಸುವುದು) ಎರಡೂ ಲೆವೆಲ್‌ನಲ್ಲಿ ನೆಟ್ಟಗಿತ್ತು, ಹೊರಗಿನ ಗುಣಮಟ್ಟ ಯೋಜನೆಯ ತಿಂಗಳ ಫಲಿತಾಂಶವೂ ಸರಿಯಿತ್ತು. ಹಾಗಾದರೆ ರೇಂಜೇ ನಮ್ಮ ಜನಕ್ಕೆ ಹೊಂದುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಕಿಟ್ ಹಾಳೆಯ ಅಂಕಿ ಎಲ್ಲೋ ಹೊರದೇಶದ್ದು, ಇಲ್ಲಿನ ಊಟ ಬೇರೆ, ಹವೆ ಬೇರೆ. ತಪ್ಪೇನೂ ಕಾಣದ ಯೋಚನೆ. ಐಎಸ್‌ಒ 15189 ಎಂಬ ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ಮಾನದಂಡದ 2022ರ ಆವೃತ್ತಿ ಕೂಡ ಲ್ಯಾಬ್ ತನ್ನ ರೇಂಜ್ ಎಲ್ಲಿಂದ ಬಂತೆಂದು ದಾಖಲಿಸಬೇಕು, ಆಗಾಗ ಪರಿಶೀಲಿಸಬೇಕು ಎನ್ನುತ್ತದೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ತಪಾಸಣೆಯೂ ಹತ್ತಿರದಲ್ಲಿತ್ತು.

ನೇರ ವಿಧಾನಕ್ಕೆ ಕನಿಷ್ಠ 120 ಆರೋಗ್ಯವಂತರು ಬೇಕು. ಪ್ರಶ್ನಾವಳಿ, ಒಪ್ಪಿಗೆ, ರಕ್ತ, ಆಮೇಲೆ ಫಲಿತಾಂಶಗಳ ನಡುವಿನ 95 ಶೇಕಡಾವನ್ನು ರೇಂಜ್ ಎಂದು ಹಿಡಿಯುವುದು. ಗುಂಪುಗಳನ್ನು ಬೇರೆ ಮಾಡಬೇಕಾದರೆ ಒಂದೊಂದು ಗುಂಪಿಗೂ 120. ಸಣ್ಣ ಲ್ಯಾಬಿಗೆ ಇದು ಎಟುಕದ ಮಾತು. ಹಾಗಾಗಿ ಪರೋಕ್ಷ ವಿಧಾನ: ವರ್ಷವಿಡೀ ಬಂದ ರೋಗಿಗಳ ಫಲಿತಾಂಶಗಳನ್ನೇ ತೆಗೆದುಕೊಂಡು ಅದರೊಳಗಿನ ಆರೋಗ್ಯವಂತರ ಹಂಚಿಕೆಯನ್ನು ಗಣಿತದಿಂದ ಬೇರ್ಪಡಿಸುವುದು. ಹೊರರೋಗಿಗಳಲ್ಲಿ ಪೊಟ್ಯಾಸಿಯಂ ಕೆಟ್ಟವರು ಅಲ್ಪಸಂಖ್ಯಾತರು, ಉಳಿದವರ ಹಂಚಿಕೆ ಹೆಚ್ಚುಕಡಿಮೆ ಗಂಟೆಯಾಕಾರದ್ದು ಎಂಬುದು ಇದರ ಆಧಾರ. ಪೊಟ್ಯಾಸಿಯಂ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥ ಪರೀಕ್ಷೆ. ಹಿಮೋಗ್ಲೋಬಿನ್ ಆಗಿದ್ದರೆ ಶುರುವಿನಲ್ಲೇ ಬೇಡ ಎನ್ನಬೇಕಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ. ಕೆಟ್ಟದ್ದೇ ಅರ್ಧದ ಹತ್ತಿರ ಇದ್ದಾಗ ಯಾವ ಅಲ್ಗಾರಿದಮ್ಮೂ ಒಳ್ಳೆಯದನ್ನು ಹೆಕ್ಕಿ ಕೊಡದು.

ಡೇಟಾ ತೊಳೆಯುವ ಕೆಲಸ

ಲ್ಯಾಬ್ ಸಾಫ್ಟ್‌ವೇರ್‌ನಿಂದ ಒಂದು ವರ್ಷದ ಪೊಟ್ಯಾಸಿಯಂ ಫಲಿತಾಂಶಗಳನ್ನು ಇಳಿಸಿಕೊಂಡಾಗ ಸುಮಾರು 41,000 ಸಾಲು. ವಾರ್ಡ್, ಐಸಿಯು, ಡಯಾಲಿಸಿಸ್, ಕಿಡ್ನಿ ಕ್ಲಿನಿಕ್‌ನಿಂದ ಬಂದವನ್ನು ಮೊದಲೇ ತೆಗೆದರು. 18ಕ್ಕಿಂತ ಕೆಳಗಿನವರು, 70 ದಾಟಿದವರು ಹೋದರು. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಜೊತೆಗೇ ಅಳೆದು ಏರಿದ್ದಲ್ಲಿ ಆ ಸಾಲೂ ಹೋಯಿತು.

ತೊಡಕಾದದ್ದು ಒಬ್ಬ ವ್ಯಕ್ತಿಗೆ ಒಂದೇ ಫಲಿತಾಂಶ ಎಂಬ ನಿಯಮ. ಅದಿಲ್ಲದಿದ್ದರೆ ತಿಂಗಳಿಗೊಮ್ಮೆ ಬರುವ ಕಾಯಿಲೆಯವರು ಹಂಚಿಕೆಯನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಆದರೆ ನಮ್ಮ ಲ್ಯಾಬ್‌ಗಳಲ್ಲಿ ರೋಗಿ ಬಂದಾಗಲೆಲ್ಲ ಹೊಸ ನಂಬರ್ ಕೊಡುವುದೇ ರೂಢಿ. ಮೊಬೈಲ್ ನಂಬರ್ ನಂಬಿದರೆ ಇಡೀ ಮನೆಗೆ ಒಂದೇ ನಂಬರ್. ಹೆಸರು ನಂಬಿದರೆ ಒಂದೇ ಹೆಸರು ನಾಲ್ಕು ಬಗೆಯ ಸ್ಪೆಲ್ಲಿಂಗ್‌ನಲ್ಲಿ. ಕೊನೆಗೆ ಮೊಬೈಲ್, ಲಿಂಗ, ಒಂದು ವರ್ಷದ ಅಂತರದೊಳಗಿನ ವಯಸ್ಸು, ಹೆಸರಿನ ಮೊದಲ ಮೂರು ಅಕ್ಷರ ಈ ನಾಲ್ಕೂ ಹೊಂದಿದರೆ ಒಬ್ಬರೇ ಎಂದು ಹಿಡಿದು ಮೊದಲ ಫಲಿತಾಂಶ ಮಾತ್ರ ಉಳಿಸಿದರು. ಅಲ್ಲೊಂದು ಇಲ್ಲೊಂದು ತಪ್ಪಿದರೂ ಈ ಗಾತ್ರದ ಡೇಟಾಗೆ ಏನೂ ಆಗದು.

ಸೀರಂ ಕೆಂಪಾಗಿದೆಯೇ ಎಂದು ಅನಲೈಸರ್ ಅಳೆಯುವ ಹಿಮಾಲಿಸಿಸ್ ಇಂಡೆಕ್ಸ್ ಮಿತಿ ದಾಟಿದವನ್ನು ಬಿಟ್ಟರು. ಪೊಟ್ಯಾಸಿಯಂ ತೀರಾ ಮೇಲಿದ್ದು ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ಎರಡೂ ನೆಲ ಕಚ್ಚಿದ್ದರೆ ಅದು ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆತ ಗುರುತು: ಆ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಂ ಉಪ್ಪೇ. ಕೆಲವು ಡಜನ್ ಅಂಥವು ಸಿಕ್ಕವು, ಹೆಚ್ಚಿನವು ಒಂದೇ ಸೆಂಟರಿನವು. ನೇರಳೆ ಟ್ಯೂಬನ್ನು ಮೊದಲು ತುಂಬಿಸಿ ಆಮೇಲೆ ಹಳದಿ ಮುಚ್ಚಳದ ಸೀರಂ ಟ್ಯೂಬಿಗೆ ಹೋಗುತ್ತಿದ್ದರು.

ಇಷ್ಟಾದ ಮೇಲೆ ಉಳಿದದ್ದು ಸುಮಾರು 22,000. ಅದರಲ್ಲಿ 10,000 ಮುಖ್ಯ ಲ್ಯಾಬಿಗೆ ನೇರವಾಗಿ ಬಂದವರದು, 12,000 ಸೆಂಟರ್‌ಗಳದು.

ಮೂರು ಲೆಕ್ಕ

ಮೊದಲ ಲೆಕ್ಕ ಎಕ್ಸೆಲ್‌ನಲ್ಲಿ ಆಯಿತು, ಹಾಫ್‌ಮನ್ ವಿಧಾನ ಎಂದುಕೊಂಡು. ಫಲಿತಾಂಶಗಳನ್ನು ಕ್ರಮವಾಗಿ ಜೋಡಿಸಿ, ಸಂಚಿತ ಶೇಕಡಾವಾರು ಗ್ರಾಫ್ ಎಳೆದು, ನಡುವಿನ ನೇರ ಭಾಗಕ್ಕೆ ಗೆರೆ ಹೊಂದಿಸಿ, 2.5 ಮತ್ತು 97.5 ಶೇಕಡಾಕ್ಕೆ ಚಾಚಿದರು. ಬಂದದ್ದು 4.0ರಿಂದ 5.0. ಹಾಗೆ ಮುದ್ರಿಸಿದರೆ ಐವರಲ್ಲೊಬ್ಬರಿಗೆ ಫ್ಲ್ಯಾಗ್ (ರೇಂಜ್‌ನ ಆಚೆ ಎಂಬ ಗುರುತು) ಬೀಳುತ್ತದೆ. ತಪ್ಪು ಇದ್ದದ್ದು ಅಕ್ಷದಲ್ಲಿ. 1963ರಲ್ಲಿ ಹಾಫ್‌ಮನ್ ಗೆರೆ ಎಳೆದದ್ದು ನಾರ್ಮಲ್ ಪ್ರಾಬಬಿಲಿಟಿ ಕಾಗದದ ಮೇಲೆ. ಅಲ್ಲಿ ಶೇಕಡಾ ಅಕ್ಷ ಸಮಾನ ಅಂತರದ್ದಲ್ಲ. ಎಕ್ಸೆಲ್‌ನ ಸಾದಾ ಅಕ್ಷದ ಮೇಲೆ ಅದೇ ಕೆಲಸ ಮಾಡಿದರೆ ಸರಾಸರಿಯಿಂದ 1.96 ಎಸ್‌ಡಿ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) ದೂರ ಹೋಗಬೇಕಾದ ಗೆರೆ ಸುಮಾರು 1.2 ಎಸ್‌ಡಿಗೇ ನಿಲ್ಲುತ್ತದೆ. ಈ ತಪ್ಪು ಪ್ರಕಟಿತ ಲೇಖನಗಳಿಗೂ ನುಸುಳಿದೆ, ಹಾಗಾಗಿ ನಕಲು ಮಾಡುವ ಮುನ್ನ ಅಕ್ಷ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಭಟ್ಟಾಚಾರ್ಯ ವಿಧಾನ. ಸಿ. ಜಿ. ಭಟ್ಟಾಚಾರ್ಯ 1967ರಲ್ಲಿ ಪ್ರಕಟಿಸಿದ್ದು. ಮೀನಿನ ಉದ್ದದ ಅಳತೆಗಳಿಂದ ವಯೋಗುಂಪುಗಳನ್ನು ಬೇರ್ಪಡಿಸಲು ಮೀನುಗಾರಿಕೆ ವಿಜ್ಞಾನಿಗಳು ಇಂದಿಗೂ ಇದನ್ನು ಬಳಸುತ್ತಾರೆ. ಎಕ್ಸೆಲ್ ಸಾಕು. 0.1 ಅಗಲದ ಡಬ್ಬಗಳಲ್ಲಿ ಎಣಿಕೆ ಮಾಡಿ, ಪ್ರತಿ ಡಬ್ಬದ ಎಣಿಕೆಯಿಂದ ಮುಂದಿನ ಡಬ್ಬದ ಎಣಿಕೆಯನ್ನು ಭಾಗಿಸಿ, ಭಾಗಲಬ್ಧದ ನ್ಯಾಚುರಲ್ ಲಾಗ್ ತೆಗೆದು, ಮೊದಲ ಡಬ್ಬದ ಮಧ್ಯಬಿಂದುವಿಗೆ ಎದುರಾಗಿ ಗುರುತಿಸಬೇಕು. ಗಂಟೆಯಾಕಾರದ ಹಂಚಿಕೆ ಇಲ್ಲಿ ಇಳಿಜಾರಿನ ನೇರ ಗೆರೆಯಾಗಿ ಕಾಣುತ್ತದೆ. ಗೆರೆ ಅಡ್ಡ ಅಕ್ಷವನ್ನು ಕಡಿಯುವಲ್ಲಿಗೆ ಡಬ್ಬದ ಅರ್ಧ ಅಗಲ ಸೇರಿಸಿದರೆ ಸರಾಸರಿ. ಡಬ್ಬದ ಅಗಲವನ್ನು ಇಳಿಜಾರಿನಿಂದ ಭಾಗಿಸಿ, ಅಗಲದ ವರ್ಗದ ಹನ್ನೆರಡನೇ ಒಂದು ಭಾಗ ಕಳೆದರೆ ಎಸ್‌ಡಿಯ ವರ್ಗ. ಎಲ್ಲ 22,000ಕ್ಕೆ ಮಾಡಿದಾಗ ಸರಾಸರಿ 4.47, ಎಸ್‌ಡಿ 0.41, ರೇಂಜ್ 3.7ರಿಂದ 5.3.

ಮೂರನೆಯದು 2021ರಲ್ಲಿ ಬಂದ ರಿಫೈನ್‌ಆರ್. ಆರ್ ಭಾಷೆಯ ಉಚಿತ ಪ್ಯಾಕೇಜ್. ಬಾಕ್ಸ್‌ ಕಾಕ್ಸ್ ರೂಪಾಂತರದೊಂದಿಗೆ (ಓರೆಯಾದ ಅಂಕಿಗಳನ್ನು ಗಂಟೆಯಾಕಾರಕ್ಕೆ ತರುವ ಗಣಿತ) ಆರೋಗ್ಯವಂತರ ಭಾಗವನ್ನು ಅಂದಾಜಿಸುತ್ತದೆ, ಓರೆಯಾದ ಹಂಚಿಕೆಯನ್ನೂ ತಾಳಿಕೊಳ್ಳುತ್ತದೆ. ಫೈಂಡ್‌ಆರ್‌ಐ ಎಂಬ ಒಂದೇ ಫಂಕ್ಷನ್‌ಗೆ ಅಂಕಿಗಳ ಪಟ್ಟಿ ಕೊಟ್ಟರಾಯಿತು. ಬೂಟ್‌ಸ್ಟ್ರಾಪ್ 200 ಎಂದು ಹೇಳಿದರೆ, ಅಂದರೆ ಅದೇ ಡೇಟಾದಿಂದ ಆರಿಸಿ 200 ಸಲ ಲೆಕ್ಕ ಹಾಕಿಸಿದರೆ, ಮಿತಿಗಳು ಎಷ್ಟು ಆಚೀಚೆ ಆಗಬಹುದೆಂಬ ವಿಶ್ವಾಸ ವ್ಯಾಪ್ತಿಯನ್ನೂ ಕೊಡುತ್ತದೆ. ಇದೂ 3.7ರಿಂದ 5.3 ಎಂದಿತು, ವಿಶ್ವಾಸ ವ್ಯಾಪ್ತಿ 0.1ಕ್ಕಿಂತ ಕಿರಿದು.

ಎರಡು ಬೇರೆ ಬೇರೆ ವಿಧಾನ, ಒಂದೇ ಉತ್ತರ, ಬಿಗಿಯಾದ ವಿಶ್ವಾಸ ವ್ಯಾಪ್ತಿ, ಪುಸ್ತಕದ ಅಂಕಿಗೂ ಹತ್ತಿರ. ದೂರಿಗೂ ಮದ್ದು ಸಿಕ್ಕಂತಾಯಿತು, ಮೇಲಿನ ಗಡಿ 5.3ಕ್ಕೆ ಹೋದರೆ ಫ್ಲ್ಯಾಗ್ ಕಡಿಮೆಯಾಗುತ್ತದೆ. ಬದಲಾವಣೆಯ ಕಡತ ಸಹಿಗೆ ಸಿದ್ಧವಾಯಿತು.

ಒಂದರೊಳಗೆ ಎರಡು

ಸಹಿ ಹಾಕಬೇಕಿದ್ದ ಬಯೋಕೆಮಿಸ್ಟ್ ಕೇಳಿದ್ದು ಒಂದೇ: ಮುಖ್ಯ ಲ್ಯಾಬ್ ಮತ್ತು ಸೆಂಟರ್‌ಗಳನ್ನು ಬೇರೆ ಬೇರೆಯಾಗಿ ಓಡಿಸಿ ನೋಡಿದ್ದೀರಾ? ನೋಡಿರಲಿಲ್ಲ. ವಯಸ್ಸು, ಲಿಂಗ ಬೇರೆ ಮಾಡಿ ನೋಡುವುದು ಎಲ್ಲರಿಗೂ ನೆನಪಾಗುತ್ತದೆ. ಸ್ಯಾಂಪಲ್ ಬಂದ ದಾರಿಯನ್ನು ಬೇರೆ ಮಾಡಿ ನೋಡುವುದು ಅಪರೂಪ.

ಮುಖ್ಯ ಲ್ಯಾಬಿನ 10,000ಕ್ಕೆ ಭಟ್ಟಾಚಾರ್ಯ ಗೆರೆ 4.20ರಲ್ಲಿ ಅಕ್ಷ ಕಡಿಯಿತು, ಇಳಿಜಾರು 0.92. ಅಂದರೆ ಸರಾಸರಿ 4.25, ಎಸ್‌ಡಿ 0.33, ರೇಂಜ್ 3.6ರಿಂದ 4.9. ಸೆಂಟರ್‌ಗಳ 12,000ಕ್ಕೆ ಸರಾಸರಿ 4.65, ಎಸ್‌ಡಿ 0.38, ರೇಂಜ್ 3.9ರಿಂದ 5.4.

ಎರಡು ಗುಂಪಿನ ಸರಾಸರಿಗಳ ನಡುವೆ 0.4ರ ಅಂತರವಿದ್ದರೂ ಒಟ್ಟು ಗ್ರಾಫ್‌ನಲ್ಲಿ ಎರಡು ಶಿಖರ ಏಕೆ ಕಾಣಲಿಲ್ಲ? ಸಮಾನ ಗಾತ್ರದ, ಸಮಾನ ಅಗಲದ ಎರಡು ಗಂಟೆಯಾಕಾರಗಳನ್ನು ಬೆರೆಸಿದಾಗ ಸರಾಸರಿಗಳ ಅಂತರ 2 ಎಸ್‌ಡಿ ದಾಟದ ಹೊರತು ಎರಡು ಶಿಖರ ಮೂಡುವುದೇ ಇಲ್ಲ. ಇಲ್ಲಿ ಅಂತರ ಬರೀ 1.1 ಎಸ್‌ಡಿ. ಬೆರಕೆ ಒಂದೇ ಅಗಲವಾದ, ಅಂದವಾದ ಗಂಟೆಯಾಗಿ ಕಂಡಿತು. ಭಟ್ಟಾಚಾರ್ಯ ಗೆರೆ ನೇರವಾಗೇ ಉಳಿಯಿತು, ರಿಫೈನ್‌ಆರ್ ಅದನ್ನು ಒಂದೇ ಆರೋಗ್ಯವಂತ ಗುಂಪೆಂದು ಓದಿತು. ಈ ವಿಧಾನಗಳು ಬೇರ್ಪಡಿಸುವುದು ಬಹುಸಂಖ್ಯಾತರನ್ನು ಅಲ್ಪಸಂಖ್ಯಾತರಿಂದ. ಆರೋಗ್ಯ ಎಂದರೇನೆಂದು ಅವಕ್ಕೆ ಗೊತ್ತಿಲ್ಲ. ಅರ್ಧಕ್ಕಿಂತ ಹೆಚ್ಚು ಟ್ಯೂಬ್‌ಗಳಿಗೆ ಒಂದೇ ದೋಷ ತಟ್ಟಿದ್ದರೆ ಆ ದೋಷವೇ ಆರೋಗ್ಯದ ಲೆಕ್ಕಕ್ಕೆ ಸೇರುತ್ತದೆ. ಬಿಗಿಯಾದ ವಿಶ್ವಾಸ ವ್ಯಾಪ್ತಿ ಹೇಳುವುದೂ ಆಕಸ್ಮಿಕ ಏರಿಳಿತದ ಬಗ್ಗೆ ಮಾತ್ರ. 22,000ರ ಬದಲು ಎರಡು ಲಕ್ಷ ಸಾಲು ಇದ್ದಿದ್ದರೆ ತಪ್ಪು ಉತ್ತರ ಇನ್ನಷ್ಟು ಬಿಗಿಯಾಗಿ ಬರುತ್ತಿತ್ತು.

ತಾಲ್ಲೂಕಿನ ಜನರಲ್ಲಿ ನಿಜಕ್ಕೂ ಪೊಟ್ಯಾಸಿಯಂ ಹೆಚ್ಚಿದ್ದರೆ? ಈ ಪ್ರಶ್ನೆಯನ್ನು ಮೂರು ಕಡೆಯಿಂದ ಪರೀಕ್ಷಿಸಿದರು.

ಅದೇ ಟ್ಯೂಬ್‌ಗಳ ಬೇರೆ ಪರೀಕ್ಷೆಗಳನ್ನು ನೋಡಿದಾಗ ಕ್ರಿಯಾಟಿನಿನ್, ಕ್ಯಾಲ್ಸಿಯಂ, ಟೋಟಲ್ ಪ್ರೋಟೀನ್ ಮೂರರ ಮೀಡಿಯನ್ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವಿನ ಅಂಕಿ) ಎರಡೂ ಕಡೆ ಒಂದೇ. ಏರಿದ್ದು ಪೊಟ್ಯಾಸಿಯಂ, ಸ್ವಲ್ಪ ಮಟ್ಟಿಗೆ ಫಾಸ್ಫೇಟ್. ಎರಡೂ ಕೆಂಪು ರಕ್ತಕಣದೊಳಗೆ ತುಂಬಿರುವಂಥವು. ಆದರೆ ಹಿಮಾಲಿಸಿಸ್ ಇಂಡೆಕ್ಸ್ ಎರಡೂ ಕಡೆ ಸಮ. ಅಂದರೆ ಕಣ ಒಡೆದಿಲ್ಲ, ಸೋರಿದೆ.

ತಿಂಗಳವಾರು ಮೀಡಿಯನ್ ಎಳೆದರು. ಮುಖ್ಯ ಲ್ಯಾಬಿನ ಗೆರೆ ವರ್ಷವಿಡೀ 4.2, 4.3ರಲ್ಲೇ ಓಡಿತು. ಸೆಂಟರ್‌ಗಳ ಗೆರೆ ಡಿಸೆಂಬರ್, ಜನವರಿಯಲ್ಲಿ 4.8, ಏಪ್ರಿಲ್, ಮೇನಲ್ಲಿ 4.5. ಊಟದ ಕಾರಣವಾಗಿದ್ದರೆ ಹೀಗೆ ಋತು ಹಿಡಿದು ಏರಿಳಿಯಲು ಕಾರಣವಿಲ್ಲ, ಅದೂ ಪಕ್ಕದ ಊರಿನವರಲ್ಲಿ ಮಾತ್ರ.

ಮೂರನೆಯದು ಚರ್ಚೆಗೇ ಜಾಗ ಬಿಡಲಿಲ್ಲ. ಏಳು ಸೆಂಟರ್‌ಗಳಲ್ಲಿ ಒಂದು, ಹಳೆಯ ನರ್ಸಿಂಗ್ ಹೋಮ್‌ನ ಕಟ್ಟಡದಲ್ಲಿದ್ದದ್ದು, ಅಲ್ಲಿ ಹಿಂದಿನಿಂದ ಉಳಿದ ಒಂದು ಸೆಂಟ್ರಿಫ್ಯೂಜ್ (ಟ್ಯೂಬನ್ನು ವೇಗವಾಗಿ ತಿರುಗಿಸಿ ಕಣಗಳಿಂದ ಸೀರಂ ಬೇರ್ಪಡಿಸುವ ಯಂತ್ರ) ಇತ್ತು. ಅಲ್ಲಿನ ಹುಡುಗಿ ರಕ್ತ ಹೆಪ್ಪುಗಟ್ಟಿದ ಮೇಲೆ ತಾನೇ ತಿರುಗಿಸಿ ಕಳಿಸುತ್ತಿದ್ದಳು. ಆ ಒಂದು ಸೆಂಟರಿನ ಮೀಡಿಯನ್ 4.25.

ಥರ್ಮಾಕೋಲ್ ಡಬ್ಬಿ

ಇನ್ನುಳಿದ ಆರು ಕಡೆ ಬೆಳಗ್ಗೆ ಆರೂವರೆಯಿಂದ ಸ್ಯಾಂಪಲ್ ತೆಗೆಯುತ್ತಿದ್ದರು. ಹಳದಿ ಮುಚ್ಚಳದ ಜೆಲ್ ಟ್ಯೂಬ್‌ಗಳು (ತಿರುಗಿಸಿದಾಗ ಕಣ ಮತ್ತು ಸೀರಂ ನಡುವೆ ಜೆಲ್ ಪದರ ಕೂರುವಂಥವು) ತಿರುಗಿಸದೆ ಹಾಗೇ ಥರ್ಮಾಕೋಲ್ ಡಬ್ಬಿಗೆ ಹೋಗುತ್ತಿದ್ದವು. ಡಬ್ಬಿಯ ಎರಡೂ ಬದಿಗೆ ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕ್, ಟ್ಯೂಬ್ ಸ್ಟ್ಯಾಂಡ್‌ಗೆ ಅಂಟಿಕೊಂಡು. ಬೈಕ್ ಬರುವುದು ಹತ್ತೂವರೆಗೋ ಹನ್ನೊಂದಕ್ಕೋ, ಲ್ಯಾಬ್ ಮುಟ್ಟಿ ಸೆಂಟ್ರಿಫ್ಯೂಜ್‌ಗೆ ಬೀಳುವಾಗ ಮಧ್ಯಾಹ್ನ ಒಂದು ದಾಟುತ್ತಿತ್ತು. ತಂಪಿನಲ್ಲಿಟ್ಟರೆ ಸ್ಯಾಂಪಲ್ ಕೆಡದು ಎಂಬ ನಂಬಿಕೆ. ಅಮೋನಿಯಾ, ಎಸಿಟಿಎಚ್‌ನಂಥ ಕೆಲವಕ್ಕೆ ಅದು ನಿಜ, ಅವಕ್ಕೆ ಕೊಟ್ಟ ಸೂಚನೆಯೇ ಎಲ್ಲ ಟ್ಯೂಬ್‌ಗಳಿಗೂ ಹಬ್ಬಿತ್ತು. ಬೇರ್ಪಡಿಸಿದ ಸೀರಂಗೆ ತಂಪು ಒಳ್ಳೆಯದೇ. ಕಣಗಳ ಜೊತೆಗಿರುವ ರಕ್ತಕ್ಕೆ ಅಲ್ಲ.

ಕೆಂಪು ಕಣದೊಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ಅದನ್ನು ಒಳಗೆ ಹಿಡಿದಿಡುವುದು ಕಣದ ಪೊರೆಯಲ್ಲಿರುವ ಸೋಡಿಯಂ ಪೊಟ್ಯಾಸಿಯಂ ಪಂಪ್. ಅದಕ್ಕೆ ಶಕ್ತಿ ಗ್ಲುಕೋಸ್‌ನಿಂದ. 4 ಡಿಗ್ರಿಗೆ ಇಳಿದರೆ ಪಂಪ್ ಹೆಚ್ಚುಕಡಿಮೆ ನಿಲ್ಲುತ್ತದೆ, ಪೊಟ್ಯಾಸಿಯಂ ಮೆಲ್ಲಗೆ ಹೊರಗೆ ಸೋರುತ್ತದೆ. ಪೊರೆ ಗಟ್ಟಿಯಾಗೇ ಇರುವುದರಿಂದ ಹಿಮೋಗ್ಲೋಬಿನ್ ಹೊರಬರುವುದಿಲ್ಲ, ಸೀರಂ ತಿಳಿಯಾಗಿ ಹಳದಿಯಾಗಿಯೇ ಕಾಣುತ್ತದೆ, ಇಂಡೆಕ್ಸ್ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಜೆಲ್ ಪ್ಯಾಕ್ ಹತ್ತು ಗಂಟೆಗೇ ಕರಗುತ್ತಿತ್ತು, ಪಂಪ್ ಸ್ವಲ್ಪ ಹೊತ್ತಾದರೂ ಕೆಲಸ ಮಾಡುತ್ತಿತ್ತು. ಏಪ್ರಿಲ್‌ನ ಇಳಿತಕ್ಕೆ ಕಾರಣ ಇದು. ಇಲ್ಲೇ ಒಂದು ಮಾತು: ಬಿಸಿಲಿನ ಊರಲ್ಲಿ ಡಬ್ಬಿ ಇಲ್ಲದೆ ಸಾಗಿಸಿದರೆ ದೋಷ ತಿರುಗುಮುರುಗಾಗುತ್ತದೆ, ಬೆಚ್ಚಗಿನ ಟ್ಯೂಬಿನಲ್ಲಿ ಪಂಪ್ ಜೋರಾಗಿ ಓಡಿ ಪೊಟ್ಯಾಸಿಯಂ ಮೊದಲು ಇಳಿಯುತ್ತದೆ, ಗ್ಲುಕೋಸ್ ತೀರಿದ ಮೇಲೆ ಏರುತ್ತದೆ.

ಊಹೆಯನ್ನು ಹಾಗೇ ಬಿಡದೆ ಸಿಬ್ಬಂದಿಯಲ್ಲಿ ಒಪ್ಪಿದ ಹನ್ನೆರಡು ಮಂದಿಯಿಂದ ತಲಾ ಮೂರು ಜೆಲ್ ಟ್ಯೂಬ್ ತೆಗೆದರು. ಒಂದನ್ನು ಅರ್ಧ ಗಂಟೆಗೆ ತಿರುಗಿಸಿದರು, ಒಂದನ್ನು 25 ಡಿಗ್ರಿಯ ಕೋಣೆಯಲ್ಲಿ ಐದು ಗಂಟೆ ಇಟ್ಟು, ಇನ್ನೊಂದನ್ನು ಅದೇ ಡಬ್ಬಿಯಲ್ಲಿ ಅದೇ ಜೆಲ್ ಪ್ಯಾಕ್ ನಡುವೆ ಐದು ಗಂಟೆ ಇಟ್ಟು ತಿರುಗಿಸಿದರು. ಕೋಣೆಯದ್ದು ಮೊದಲನೆಯದರಿಂದ 0.1ರೊಳಗೆ ಇತ್ತು. ಡಬ್ಬಿಯದ್ದು ಸರಾಸರಿ 0.5 ಏರಿತ್ತು, ಒಬ್ಬರಲ್ಲಿ 0.2, ಇನ್ನೊಬ್ಬರಲ್ಲಿ 0.9.

ಸೆಂಟರ್‌ಗೆ ಬೇರೆ ರೇಂಜ್ ಕೊಟ್ಟರಾಗದೇ?

ಪ್ರಕರಣದ ಅತಿ ಮುಖ್ಯ ತೀರ್ಮಾನ ಇಲ್ಲಿ ಬಂತು, ಮತ್ತು ಅದು ಸುಲಭವಾಗಿ ತಪ್ಪಾಗಬಹುದಿತ್ತು. ಆಡಳಿತದ ಸಲಹೆ ಸರಳವಾಗಿತ್ತು: ಸೆಂಟರ್ ಸ್ಯಾಂಪಲ್‌ಗೆ 3.9ರಿಂದ 5.4, ಮುಖ್ಯ ಲ್ಯಾಬಿಗೆ 3.6ರಿಂದ 4.9 ಎಂದು ಸಾಫ್ಟ್‌ವೇರ್‌ನಲ್ಲಿ ಎರಡು ರೇಂಜ್ ಹಾಕಿಬಿಡುವುದು. ಖರ್ಚಿಲ್ಲ. ಅಂಕಿಶಾಸ್ತ್ರವೂ ಬೆನ್ನಿಗಿತ್ತು. ಗುಂಪು ಬೇರ್ಪಡಿಸಬೇಕೇ ಎಂದು ಹೇಳುವ ಹ್ಯಾರಿಸ್ ಬಾಯ್ಡ್ ಪರೀಕ್ಷೆಯಲ್ಲಿ ಈ ಗಾತ್ರದ ಗುಂಪುಗಳಿಗೆ ಗಡಿ ಅಂಕ ಸುಮಾರು 29, ಬಂದದ್ದು ಸುಮಾರು 84.

ಬಯೋಕೆಮಿಸ್ಟ್ ಒಪ್ಪಲಿಲ್ಲ. ಗುಂಪು ಬೇರ್ಪಡಿಸುವುದಕ್ಕೆ ಅರ್ಥವಿರುವುದು ವ್ಯತ್ಯಾಸ ದೇಹದಲ್ಲಿದ್ದಾಗ: ವಯಸ್ಸು, ಲಿಂಗ, ಗರ್ಭ. ಇಲ್ಲಿನ ವ್ಯತ್ಯಾಸ ಟ್ಯೂಬಿನಲ್ಲಿದೆ. ಅದೂ ಸ್ಥಿರವಲ್ಲ, ಜನವರಿಗೂ ಮೇಗೂ ಬೇರೆ, ಒಬ್ಬರಿಗೆ 0.2 ಇನ್ನೊಬ್ಬರಿಗೆ 0.9. ಏರಿಕೆ ಎಲ್ಲರಿಗೂ 0.4 ಆಗಿದ್ದರೆ ರೇಂಜ್ ಸರಿಸಿ ಸರಿದೂಗಿಸಬಹುದಿತ್ತು. ಅಲೆದಾಡುವ ದೋಷವನ್ನು ರೇಂಜ್ ಹೀರಿಕೊಳ್ಳದು, ಬರೀ ಮುಚ್ಚುತ್ತದೆ.

ಅವರ ಇನ್ನೊಂದು ವಾದ ಹೆಚ್ಚು ತೂಕದ್ದು. ದೂರು ಬಂದದ್ದು ಮೇಲಿನ ತುದಿಯಿಂದ ಮಾತ್ರ, ಏಕೆಂದರೆ ಅಲ್ಲಿ ಫ್ಲ್ಯಾಗ್ ಬೀಳುತ್ತದೆ, ವೈದ್ಯರು ಮರುಪರೀಕ್ಷೆ ಮಾಡಿಸುತ್ತಾರೆ, ತಪ್ಪು ಬಯಲಾಗುತ್ತದೆ. ಕೆಳತುದಿಯಲ್ಲಿ ಏನಾಗುತ್ತಿತ್ತು? ಬಿಪಿಗೆ, ಪೊಟ್ಯಾಸಿಯಂ ಇಳಿಸಬಲ್ಲ ಕ್ಲೋರ್‌ಥಾಲಿಡೋನ್ ತೆಗೆದುಕೊಳ್ಳುವವರ ನಿಜವಾದ ಪೊಟ್ಯಾಸಿಯಂ 3.2 ಇದ್ದರೆ ಡಬ್ಬಿಯಲ್ಲಿ ಬಂದು 3.6 ಆಗುತ್ತದೆ. ನಾರ್ಮಲ್ ಎಂದು ಮುದ್ರಣವಾಗುತ್ತದೆ. ಯಾರೂ ದೂರು ಕೊಡುವುದಿಲ್ಲ. ಸೆಂಟರ್‌ಗಳ ಡೇಟಾದಲ್ಲಿ 3.5ಕ್ಕಿಂತ ಕೆಳಗಿನವರ ಪಾಲು ಮುಖ್ಯ ಲ್ಯಾಬಿನದಕ್ಕಿಂತ ತೀರಾ ಕಡಿಮೆಯಿತ್ತು. ವರ್ಷವಿಡೀ ಕಣ್ಣೆದುರಿದ್ದ ಆ ಅಂಕಿಯನ್ನು ಯಾರೂ ತೆಗೆದು ನೋಡಿರಲಿಲ್ಲ. ರೇಂಜ್ ಅಗಲಿಸಿದ್ದರೆ ಮೇಲಿನ ದೂರೂ ನಿಂತು, ಕೆಳಗಿನ ಅಪಾಯದ ಸುಳಿವು ಕೊಡಬಲ್ಲ ಒಂದೇ ದಾರಿಯೂ ಮುಚ್ಚಿಹೋಗುತ್ತಿತ್ತು.

ತಿದ್ದುಪಡಿ

ಸ್ಯಾಂಪಲ್ ಹೆಚ್ಚು ಬರುವ ನಾಲ್ಕು ಸೆಂಟರ್‌ಗಳಿಗೆ ಎಂಟು ಟ್ಯೂಬಿನ ಸೆಂಟ್ರಿಫ್ಯೂಜ್ ಕೊಂಡರು. ಮೊದಲು ತಂದದ್ದು ಅಗ್ಗದ ಫಿಕ್ಸೆಡ್ ಆಂಗಲ್ ಮಾದರಿ. ಅದರಲ್ಲಿ ಜೆಲ್ ಓರೆಯಾಗಿ ಕೂತು, ಬೈಕ್‌ನ ಕುಲುಕಿಗೆ ತೆಳುವಾದ ಬದಿಯಲ್ಲಿ ಕಣಗಳು ಮೇಲೆ ಬಂದವು. ವಾಪಸ್ ಕೊಟ್ಟು, ತಿರುಗುವಾಗ ಟ್ಯೂಬ್ ಅಡ್ಡಲಾಗಿ ಏಳುವ ಸ್ವಿಂಗ್ ಔಟ್ ಮಾದರಿ ತಂದರು. ವೇಗವನ್ನು ಆರ್‌ಪಿಎಂನಲ್ಲಿ ನಕಲು ಮಾಡುವುದು ಸಾಮಾನ್ಯ ತಪ್ಪು. ಬೇಕಿರುವುದು ಜಿ ಬಲ, ಜೆಲ್ ಟ್ಯೂಬಿಗೆ ಸುಮಾರು 1300 ಜಿ, ಹತ್ತು ನಿಮಿಷ. ಅಕ್ಷದಿಂದ ಟ್ಯೂಬಿನ ತಳಕ್ಕೆ 12 ಸೆಂಟಿಮೀಟರ್ ಇದ್ದರೆ ಅದಕ್ಕೆ 3100 ಆರ್‌ಪಿಎಂ ಬೇಕು, ತ್ರಿಜ್ಯ ಕಡಿಮೆಯಾದಷ್ಟೂ ಆರ್‌ಪಿಎಂ ಹೆಚ್ಚು. ರಕ್ತ ತೆಗೆದು ಅರ್ಧ ಗಂಟೆ ನೇರವಾಗಿ ನಿಲ್ಲಿಸಿ ಹೆಪ್ಪುಗಟ್ಟಿದ ಮೇಲೇ ತಿರುಗಿಸಬೇಕು. ಅವಸರ ಮಾಡಿದರೆ ಸೀರಂನಲ್ಲಿ ನಾರು ಉಳಿದು ಅನಲೈಸರ್‌ನ ಪ್ರೋಬ್ ಕಟ್ಟಿಕೊಳ್ಳುತ್ತದೆ.

ಹೊಸ ವ್ಯವಸ್ಥೆಯ ಮೊದಲ ವಾರಗಳಲ್ಲಿ ಒಂದು ಸೆಂಟರಿನ ಅಂಕಿ ಇಳಿಯಲೇ ಇಲ್ಲ. ಕಾರಣ ಮುಖ್ಯ ಲ್ಯಾಬಿನಲ್ಲೇ ಸಿಕ್ಕಿತು: ಆ ಸೆಂಟರಿನಿಂದ ಬಂದ ಟ್ಯೂಬ್‌ಗಳನ್ನೆಲ್ಲ ಅಭ್ಯಾಸಬಲದಿಂದ ಇನ್ನೊಮ್ಮೆ ತಿರುಗಿಸುತ್ತಿದ್ದರು. ಜೆಲ್ ಟ್ಯೂಬನ್ನು ಎರಡನೇ ಸಲ ತಿರುಗಿಸಿದರೆ ಜೆಲ್‌ನ ಕೆಳಗೆ ಕಣಗಳ ಜೊತೆ ಉಳಿದ, ಪೊಟ್ಯಾಸಿಯಂ ತುಂಬಿದ ದ್ರವ ಮೇಲಕ್ಕೆ ನುಸುಳುತ್ತದೆ. ತಿರುಗಿಸಿದ ಟ್ಯೂಬಿನ ಮುಚ್ಚಳಕ್ಕೆ ಹಸಿರು ಚುಕ್ಕೆ ಅಂಟಿಸುವ ನಿಯಮ ಬಂದ ಮೇಲೆ ಅದು ನಿಂತಿತು.

ಉಳಿದ ಎರಡು ಸೆಂಟರ್‌ಗಳಲ್ಲಿ ದಿನಕ್ಕೆ ಬೆರಳೆಣಿಕೆಯ ಸ್ಯಾಂಪಲ್. ಅಲ್ಲಿ ಜೆಲ್ ಪ್ಯಾಕ್ ತೆಗೆಸಿ, ಬೈಕ್ ದಾರಿ ಬದಲಿಸಿ, ಎರಡು ಗಂಟೆಯೊಳಗೆ ಹತ್ತಿರದ ಸೆಂಟ್ರಿಫ್ಯೂಜ್ ಮುಟ್ಟುವಂತೆ ಮಾಡಿದರು. ಕರೆಂಟ್ ಹೋದಾಗಲೂ ಇದೇ ನಿಯಮ: ತಿರುಗಿಸಲಾಗದಿದ್ದರೆ ನೆರಳಿನಲ್ಲಿಡಿ, ಐಸ್‌ನಲ್ಲಿ ಇಡಬೇಡಿ.

ಸಾಫ್ಟ್‌ವೇರ್‌ನಲ್ಲಿ ರಕ್ತ ತೆಗೆದ ಸಮಯ ಎಂದಿದ್ದದ್ದು ನಿಜಕ್ಕೆ ಬಿಲ್ ಮಾಡಿದ ಸಮಯ. ಸೆಂಟರ್‌ನವರು ಕೆಲಸ ಮುಗಿದ ಮೇಲೆ ಒಟ್ಟಿಗೆ ಬಿಲ್ ಹಾಕುತ್ತಿದ್ದರಿಂದ ಇಪ್ಪತ್ತು ಮಂದಿಗೂ 9.45. ಹಾಗಾಗಿ ಹಳೆಯ ಡೇಟಾವನ್ನು ಸಮಯದ ಆಧಾರದಲ್ಲಿ ಸೋಸಿ ಉಳಿಸಿಕೊಳ್ಳುವ ಪ್ರಯತ್ನ ಫಲಿಸಲಿಲ್ಲ. ಈಗ ಬಾರ್‌ಕೋಡ್ ಸ್ಕ್ಯಾನ್ ಎರಡು ಸಲ, ಸೂಜಿ ತೆಗೆದಾಗ ಮತ್ತು ಸೆಂಟ್ರಿಫ್ಯೂಜ್‌ಗೆ ಹಾಕಿದಾಗ.

ಮುಖ್ಯ ಲ್ಯಾಬೂ ಪೂರ್ತಿ ನಿರ್ದೋಷಿಯಲ್ಲ. ನರ ಕಾಣಲೆಂದು ಮುಷ್ಟಿ ಬಿಗಿದು ಬಿಡಿಸಿ ಎಂದು ಹೇಳುವ ಪದ್ಧತಿ ಅಲ್ಲೂ ಇತ್ತು. ಟೂರ್ನಿಕೆಟ್ (ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿದ ಕೈಯ ಸ್ನಾಯು ಹಾಗೆ ದುಡಿದರೆ ಪೊಟ್ಯಾಸಿಯಂ ಅಲ್ಲೇ ಏರುತ್ತದೆ, ಕೆಲವರಲ್ಲಿ 1 ಮಿಲಿಮೋಲ್‌ವರೆಗೂ. ಇದನ್ನೂ ನಿಲ್ಲಿಸಿದರು.

ಮತ್ತೆ ಲೆಕ್ಕ

ಐದು ತಿಂಗಳ ಹೊಸ ಡೇಟಾ ಸೇರಿದ ಮೇಲೆ ಅದೇ ನಿಯಮಗಳಿಂದ ತೊಳೆದು ಮತ್ತೆ ಓಡಿಸಿದರು. ಈ ಸಲ ಮೊದಲು ಸೆಂಟರ್‌ವಾರು ಮೀಡಿಯನ್, ಆಮೇಲೆ ತಿಂಗಳವಾರು, ಅವೆಲ್ಲ 0.1ರೊಳಗೆ ಕೂಡಿದ ಮೇಲಷ್ಟೇ ಒಟ್ಟು ಲೆಕ್ಕ. ರಿಫೈನ್‌ಆರ್ 3.6ರಿಂದ 4.9 ಎಂದಿತು, ಭಟ್ಟಾಚಾರ್ಯ ವಿಧಾನವೂ ಅಷ್ಟೇ.

ಆದರೂ ಲ್ಯಾಬ್ 3.5ರಿಂದ 5.1 ಎಂಬ ಹಳೆಯ ರೇಂಜನ್ನೇ ಉಳಿಸಿಕೊಂಡಿತು. ಫಲಿತಾಂಶ 0.1ರ ಹೆಜ್ಜೆಯಲ್ಲಿ ಮುದ್ರಣವಾಗುವ ಪರೀಕ್ಷೆಯಲ್ಲಿ ಒಂದೆರಡು ಹೆಜ್ಜೆಯ ವ್ಯತ್ಯಾಸಕ್ಕೆ ರೇಂಜ್ ಬದಲಿಸಿದರೆ 5.0, 5.1 ಇರುವವರೆಲ್ಲ ಹೊಸದಾಗಿ ಫ್ಲ್ಯಾಗ್ ಆಗುತ್ತಾರೆ. ಅದೇ ರೋಗಿ ಆಸ್ಪತ್ರೆಯ ಲ್ಯಾಬಿಗೆ ಹೋದರೆ ಅಲ್ಲಿ ನಾರ್ಮಲ್. ವೈದ್ಯರಿಗೆ ಇದರಿಂದ ಗೊಂದಲ ಬಿಟ್ಟು ಬೇರೇನೂ ಸಿಗದು. 3.5ರಿಂದ 5.1 ತಮ್ಮಲ್ಲಿ ಹೊಂದುತ್ತದೆಯೇ ಎಂದು ಇಪ್ಪತ್ತು ಆರೋಗ್ಯವಂತರ ಸ್ಯಾಂಪಲ್‌ನಿಂದ ಪರಿಶೀಲಿಸಿದರು. ಇಪ್ಪತ್ತರಲ್ಲಿ ಇಬ್ಬರವರೆಗೆ ಹೊರಗಿದ್ದರೆ ಒಪ್ಪಬಹುದು ಎಂಬುದು ಲ್ಯಾಬ್ ಮಾನದಂಡಗಳ ಸಂಸ್ಥೆ ಸಿಎಲ್‌ಎಸ್‌ಐ ನಿಯಮ, ಹೊರಗಿದ್ದದ್ದು ಒಬ್ಬರು. ಪರೋಕ್ಷ ಲೆಕ್ಕವನ್ನು ಬೆಂಬಲದ ಪುರಾವೆಯಾಗಿ ಕಡತಕ್ಕೆ ಸೇರಿಸಿದರು. ತಪಾಸಕರು ಕೇಳಿದ್ದು ಅದನ್ನೇ, ಅಂಕಿ ಎಲ್ಲಿಂದ ಬಂತು, ಯಾವಾಗ ನೋಡಿದಿರಿ.

ಸೆಂಟರ್‌ವಾರು ಪೊಟ್ಯಾಸಿಯಂ ಮೀಡಿಯನ್ ಈಗ ವಾರಕ್ಕೊಮ್ಮೆ ಕ್ಯೂಸಿ ಚಾರ್ಟ್‌ನ ಪಕ್ಕದಲ್ಲೇ ಮುದ್ರಣವಾಗುತ್ತದೆ. ಮುಖ್ಯ ಲ್ಯಾಬಿಗಿಂತ 0.2 ಮೇಲೆ ಅಥವಾ ಕೆಳಗೆ ಹೋದ ಸೆಂಟರ್‌ಗೆ ಅಂದೇ ಫೋನ್. 3.5ಕ್ಕಿಂತ ಕೆಳಗಿನವರ ಪಾಲನ್ನೂ ಜೊತೆಗೇ ಬರೆಯುತ್ತಾರೆ. ಅದೇ ಹಳೆಯ ವರ್ಷದ ಡೇಟಾದಿಂದ ಫಾಸ್ಫೇಟ್‌ಗೂ ರೇಂಜ್ ತೆಗೆಯುವ ಯೋಜನೆಯಿತ್ತು, ಅದನ್ನು ಕೈಬಿಟ್ಟರು. ಕ್ಯಾಲ್ಸಿಯಂ, ಕ್ರಿಯಾಟಿನಿನ್‌ಗೆ ಮಾತ್ರ ಆ ಡೇಟಾ ಬಳಸಬಹುದೆಂದು ಕಡತದಲ್ಲಿ ಬರೆದಿಟ್ಟಿದ್ದಾರೆ.